ಯೂರೋಪಿನಲ್ಲಿ ಮಾಟಗಾತಿಯರ ವಿಚಾರಣೆ ಏಕೆ ಹಬ್ಬಿತು, ಜನ ಇನ್ನೂ ನಂಬುತ್ತಿದ್ದಾಗಲೇ ಏಕೆ ನಿಂತಿತು?

ಇತಿಹಾಸದ ಓದುಗ (ಚರ್ಚೆ ಆರಂಭಿಸಿದವರು)

ಹದಿನಾರು ಮತ್ತು ಹದಿನೇಳನೆಯ ಶತಮಾನಗಳ ಯೂರೋಪಿನಲ್ಲಿ ನಡೆದ ಮಾಟಗಾತಿ ವಿಚಾರಣೆಗಳ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. ಓದಿದಂತೆಲ್ಲ ಒಂದು ಪ್ರಶ್ನೆ ಮನಸ್ಸಿನಲ್ಲಿ ಗಟ್ಟಿಯಾಗುತ್ತಿರುವುದರಿಂದ ಅದನ್ನು ಇಲ್ಲಿ ತಮ್ಮೆಲ್ಲರ ಮುಂದಿಡುತ್ತಿದ್ದೇನೆ.

ಮೊದಲು ಹಿನ್ನೆಲೆ. ಸುಮಾರು 1450ರಿಂದ 1750ರವರೆಗಿನ ಮುನ್ನೂರು ವರ್ಷಗಳಲ್ಲಿ ಯೂರೋಪಿನಲ್ಲಿಯೂ ಅದರ ಅಮೆರಿಕದ ವಸಾಹತುಗಳಲ್ಲಿಯೂ ಹತ್ತಿರ ಹತ್ತಿರ ಒಂದು ಲಕ್ಷ ಜನ ಮಾಟದ ಆರೋಪದ ಮೇಲೆ ವಿಚಾರಣೆಗೆ ಒಳಗಾದರು. ಅವರಲ್ಲಿ 40,000ದಿಂದ 60,000 ಮಂದಿ ಮರಣದಂಡನೆಗೆ ಗುರಿಯಾದರು ಎಂಬುದು ಇಂದಿನ ಇತಿಹಾಸಕಾರರು ಬಹುಮಟ್ಟಿಗೆ ಒಪ್ಪುವ ಅಂದಾಜು. ಸತ್ತವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಜರ್ಮನ್ ಮಾತಾಡುವ ಸೀಮೆಯವರು. ಅತಿ ಭೀಕರ ಅವಧಿ 1560ರಿಂದ 1630ರವರೆಗಿನದು.

ನಮ್ಮ ಭಾಷೆಯಲ್ಲಿ ಕಾಯಿಲೆ ವಾಸಿಯಾಗದಿದ್ದಾಗ "ಯಾರೋ ಮಾಡಿಸಿದ್ದಾರೆ" ಎನ್ನುತ್ತೇವೆ. 'ಮಾಟ' ಎಂಬ ಪದವೇ 'ಮಾಡು' ಎಂಬುದರಿಂದ ಬಂದದ್ದು. ಯೂರೋಪಿನ ನ್ಯಾಯಾಲಯಗಳು ಬಳಸುತ್ತಿದ್ದ ಲ್ಯಾಟಿನ್ ಪದ 'ಮಾಲೆಫಿಕಿಯುಮ್' ಎಂಬುದರ ಅರ್ಥವೂ ಕೆಟ್ಟದ್ದನ್ನು ಮಾಡುವುದು ಎಂದೇ. ಈ ನಂಬಿಕೆ ಅಲ್ಲಿ ಎಷ್ಟೋ ಶತಮಾನಗಳಷ್ಟು ಹಳೆಯದಾಗಿತ್ತು, ಆದರೂ ಸಾವಿರ ವರ್ಷಗಳ ಕಾಲ ಅದು ಸಾಮೂಹಿಕ ಕೊಲೆಗೆ ದಾರಿಯಾಗಿರಲಿಲ್ಲ. ಇನ್ನೊಂದು ತುದಿಯಲ್ಲಿ, ವಿಚಾರಣೆಗಳು ನಿಂತಾಗಲೂ ಜನರು ನಂಬುತ್ತಲೇ ಇದ್ದರು. ನಂಬಿಕೆ ಎರಡೂ ತುದಿಯಲ್ಲಿ ಹಾಗೆಯೇ ಇದ್ದರೆ ನಡುವೆ ಬದಲಾದದ್ದು ಏನು? ಇದೇ ನನ್ನ ಪ್ರಶ್ನೆ.

ಹೊಸ ಸದಸ್ಯ

ಮಧ್ಯಯುಗದಲ್ಲಿ ಚರ್ಚು ತೊಂಬತ್ತು ಲಕ್ಷ ಹೆಂಗಸರನ್ನು ಸುಟ್ಟಿತು ಎಂದು ಕಾಲೇಜಿನಲ್ಲಿದ್ದಾಗ ಒಂದು ಭಾಷಣದಲ್ಲಿ ಕೇಳಿದ ನೆನಪು. ತಾವು ಕೊಟ್ಟ ಸಂಖ್ಯೆಗೂ ಅದಕ್ಕೂ ಬಹಳ ಅಂತರವಿದೆ. ಯಾವುದನ್ನು ನಂಬಬೇಕು?

ಇತಿಹಾಸದ ಓದುಗ

ಆ ತೊಂಬತ್ತು ಲಕ್ಷದ ಮೂಲ ಗೊತ್ತಾಗಿದೆ. 1784ರಲ್ಲಿ ಗೊಟ್ಫ್ರೀಡ್ ಕ್ರಿಸ್ಟಿಯಾನ್ ಫೋಯ್ಗ್ಟ್ ಎಂಬ ಜರ್ಮನ್ ವಿದ್ವಾಂಸರು ತಮ್ಮ ಊರಾದ ಕ್ವೆಡ್ಲಿನ್‌ಬುರ್ಗಿನ ಕೆಲವೇ ದಾಖಲೆಗಳನ್ನು ಇಟ್ಟುಕೊಂಡು, ಅದೇ ಪ್ರಮಾಣವನ್ನು ಇಡೀ ಯೂರೋಪಿಗೂ ಹಲವು ಶತಮಾನಗಳಿಗೂ ಗುಣಿಸಿ ಆ ಮೊತ್ತಕ್ಕೆ ಬಂದರು. ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಆದರೆ ಲೆಕ್ಕ ನಿಲ್ಲುವುದಿಲ್ಲ. ಐವತ್ತು ಸಾವಿರ ನಿರಪರಾಧಿಗಳ ಸಾವು ಸಾಲದೆಂಬಂತೆ ಅದನ್ನು ಹಿಗ್ಗಿಸಿ ಹೇಳಬೇಕಾದ ಅಗತ್ಯವೂ ಇಲ್ಲ.

ಮಧ್ಯಯುಗ ಎನ್ನುವುದೂ ಸರಿಯಲ್ಲ. ಸುಮಾರು 906ರಲ್ಲಿ ಪ್ರ್ಯುಮ್ ಮಠದ ರೆಗಿನೊ ದಾಖಲಿಸಿದ ಚರ್ಚಿನ ಕಟ್ಟಳೆಯೊಂದು, ರಾತ್ರಿ ಹೊತ್ತು ಡಯಾನಾ ದೇವತೆಯ ಜೊತೆ ಸವಾರಿ ಹೋಗುತ್ತೇವೆಂದು ಹೇಳುವ ಹೆಂಗಸರು ಕನಸಿನ ಭ್ರಮೆಗೆ ಸಿಕ್ಕವರು, ಅದನ್ನು ನಿಜವೆಂದು ನಂಬುವವರೇ ದಾರಿ ತಪ್ಪಿದವರು ಎಂದು ಸಾರಿತ್ತು. ಶತಮಾನಗಳ ಕಾಲ ಚರ್ಚಿನ ಅಧಿಕೃತ ನಿಲುವು ಅದೇ ಆಗಿತ್ತು. ಅದು ತಲೆಕೆಳಗಾದದ್ದು ಹದಿನೈದನೆಯ ಶತಮಾನದಲ್ಲಿ, ಆಲ್ಪ್ಸ್ ಪರ್ವತದ ಸುತ್ತಮುತ್ತಲ ಸೀಮೆಗಳಲ್ಲಿ. ಒಬ್ಬೊಬ್ಬರೇ ಮಾಟ ಮಾಡುವವರಿದ್ದಾರೆ ಎಂಬ ಹಳೆಯ ನಂಬಿಕೆಯ ಜಾಗದಲ್ಲಿ, ಸೈತಾನನೊಡನೆ ಒಪ್ಪಂದ ಮಾಡಿಕೊಂಡು ರಾತ್ರಿ ಕೂಟಗಳಲ್ಲಿ ಸೇರುವ ಒಂದು ಗುಪ್ತ ಪಂಗಡವೇ ಇದೆ ಎಂಬ ಹೊಸ ಕಲ್ಪನೆ ವಿದ್ವಾಂಸರ ಮತ್ತು ವಿಚಾರಣಾಧಿಕಾರಿಗಳ ಬರಹಗಳಲ್ಲಿ ರೂಪುಗೊಂಡಿತು.

ಇಲ್ಲಿ ಎಲ್ಲರೂ ಹೆಸರಿಸುವ ಗ್ರಂಥ 'ಮಲ್ಲೆಯುಸ್ ಮಾಲೆಫಿಕಾರುಮ್', ಅಂದರೆ 'ಮಾಟಗಾತಿಯರ ಸುತ್ತಿಗೆ'; ಮಾಟಗಾತಿಯರನ್ನು ಗುರುತಿಸಿ ವಿಚಾರಿಸುವ ಕೈಪಿಡಿ. ಅದನ್ನು ಬರೆದ ಹೈನ್ರಿಖ್ ಕ್ರೇಮರ್ 1485ರಲ್ಲಿ ಇನ್ಸ್‌ಬ್ರುಕ್ ಪಟ್ಟಣದಲ್ಲಿ ಹೆಂಗಸರ ಮೇಲೆ ವಿಚಾರಣೆ ಹೂಡಿದಾಗ ಅಲ್ಲಿನ ಬಿಷಪ್ ಗೇಯೋರ್ಗ್ ಗೋಲ್ಸರ್ ಆ ಹೆಂಗಸರನ್ನು ಬಿಡಿಸಿ, ಈತ ಊರು ಬಿಟ್ಟು ಹೋಗುವಂತೆ ಮಾಡಿದರು. ಮರುವರ್ಷದ ಕೊನೆಯಲ್ಲಿ ಅವನ ಪುಸ್ತಕ ಸ್ಪೈಯರ್‌ನಲ್ಲಿ ಅಚ್ಚಾಯಿತು. ಅಂದರೆ ಬಿಷಪ್ಪರೊಬ್ಬರು ಹೊರಗೆ ಕಳಿಸಿದ ವಾದ ಅಚ್ಚುಮೊಳೆಯ ಬಲದಿಂದ ಖಂಡವನ್ನೆಲ್ಲ ಸುತ್ತಿತು. ಆದರೂ ಅತಿ ಹೆಚ್ಚು ಜನ ಸತ್ತದ್ದು ಅದಾದ ಮುಕ್ಕಾಲು ಶತಮಾನದ ಬಳಿಕ, ಅದೂ ಬಹುಪಾಲು ಲೌಕಿಕ ನ್ಯಾಯಾಲಯಗಳ ತೀರ್ಪಿನಿಂದ. ಕೇವಲ ಒಂದು ಪುಸ್ತಕವನ್ನು ಕಾರಣವೆಂದು ತೋರಿಸಿ ಮುಗಿಸಲಾಗದು.

ನಿವೃತ್ತ ವಕೀಲ, ಧಾರವಾಡ

ಚರ್ಚೆ ಆರಂಭಿಸಿದವರ ಪ್ರಶ್ನೆಗೆ ನನ್ನ ಉತ್ತರ ಒಂದೇ ಮಾತಿನಲ್ಲಿ: ಬದಲಾದದ್ದು ಸಾಕ್ಷ್ಯದ ನಿಯಮ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕ್ರಿಮಿನಲ್ ಪ್ರಕರಣಗಳಲ್ಲಿ ವಾದಿಸಿದವನಾಗಿ ನಾನು ಇದನ್ನು ಸ್ವಲ್ಪ ವಿವರವಾಗಿ ಹೇಳಬಯಸುತ್ತೇನೆ.

ಯೂರೋಪಿನ ಹಳೆಯ ಪದ್ಧತಿಯಲ್ಲಿ ಒಬ್ಬರ ಮೇಲೆ ಆರೋಪ ಹೊರಿಸುವವನು ತಾನೇ ಫಿರ್ಯಾದಿಯಾಗಿ ನಿಲ್ಲಬೇಕಿತ್ತು. ಆರೋಪ ಸಾಬೀತಾಗದಿದ್ದರೆ ಶಿಕ್ಷೆ ಅವನ ತಲೆಗೇ ಬರುವ ಅಪಾಯವಿತ್ತು. ಹಾಗಿರುವಾಗ ನೆರೆಮನೆಯವಳು ಮಾಟ ಮಾಡಿದಳೆಂದು ನ್ಯಾಯಾಲಯದ ಮೆಟ್ಟಿಲು ಹತ್ತುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ಮುಂದೆ ನ್ಯಾಯಾಧೀಶರೇ ಗುಮಾನಿಯ ಮೇಲೆ ತನಿಖೆ ಹೂಡುವ ಪದ್ಧತಿ ಬಂದಾಗ ಆ ಭಯ ಹೋಯಿತು. ಈ ಹೊಸ ಪದ್ಧತಿಯಲ್ಲಿ ಮರಣದಂಡನೆಗೆ ಬೇಕಾದದ್ದು ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು ಅಥವಾ ಆರೋಪಿಯ ತಪ್ಪೊಪ್ಪಿಗೆ. ಕಾಗದದ ಮೇಲೆ ಇದು ಬಿಗಿಯಾದ ನಿಯಮವೇ. ಆದರೆ ಮಾಟಕ್ಕೆ ಪ್ರತ್ಯಕ್ಷ ಸಾಕ್ಷಿ ಎಲ್ಲಿಂದ ಬರಬೇಕು? ಉಳಿದದ್ದು ತಪ್ಪೊಪ್ಪಿಗೆ ಮಾತ್ರ, ಅದನ್ನು ಪಡೆಯಲು ಇದ್ದ ದಾರಿ ಚಿತ್ರಹಿಂಸೆ.

ಐದನೆಯ ಚಾರ್ಲ್ಸ್ ಚಕ್ರವರ್ತಿ 1532ರಲ್ಲಿ ಜಾರಿಗೆ ತಂದ ದಂಡಸಂಹಿತೆ ಇದಕ್ಕೆ ಮಿತಿ ಹಾಕಲು ಯತ್ನಿಸಿತ್ತು. ಗಟ್ಟಿ ಆಧಾರವಿಲ್ಲದೆ ಹಿಂಸೆ ಕೊಡಕೂಡದು, ಒಪ್ಪಿಕೊಂಡ ಸಂಗತಿಗಳನ್ನು ಹೊರಗಿನಿಂದ ಪರೀಕ್ಷಿಸಬೇಕು, ಮಾಟದಿಂದ ಹಾನಿಯಾಗಿದ್ದರೆ ಮಾತ್ರ ಬೆಂಕಿಯ ಶಿಕ್ಷೆ ಎಂದು ಅದು ಹೇಳಿತ್ತು. ಆದರೆ ಮಾಟ ಸಾಮಾನ್ಯ ಅಪರಾಧವಲ್ಲ, ಅದಕ್ಕೆ ಸಾಮಾನ್ಯ ನಿಯಮಗಳು ಅನ್ವಯವಾಗುವುದಿಲ್ಲ ಎಂಬ ವಾದವನ್ನು ಎತ್ತಿಹಿಡಿದ ಸ್ಥಳೀಯ ನ್ಯಾಯಾಧೀಶರು ಆ ಬೇಲಿಯನ್ನೆಲ್ಲ ಕಿತ್ತುಹಾಕಿದರು.

ಇದರ ಜೊತೆಗೆ ರಾತ್ರಿ ಕೂಟದ ಕಲ್ಪನೆ ಸೇರಿದಾಗ ಏನಾಗುತ್ತದೆ ನೋಡಿ. ಕೂಟವೆಂದ ಮೇಲೆ ಅಲ್ಲಿ ಬೇರೆಯವರೂ ಇದ್ದಿರಬೇಕು. ಆದ್ದರಿಂದ ತಪ್ಪೊಪ್ಪಿಕೊಂಡವಳಿಗೆ ಮುಂದಿನ ಪ್ರಶ್ನೆ: ಅಲ್ಲಿ ಯಾರನ್ನು ಕಂಡೆ? ಅವಳು ನೋವು ತಾಳಲಾರದೆ ಐವರ ಹೆಸರು ಹೇಳಿದರೆ, ಆ ಐವರೂ ಅದೇ ಕೋಣೆಗೆ ಬಂದು ಇನ್ನಷ್ಟು ಹೆಸರು ಹೇಳುತ್ತಾರೆ. ಹಳ್ಳಿಯ ಒಂದು ಜಗಳ ಇಡೀ ಸೀಮೆಯ ಪಿಡುಗಾಗಲು ಬೇರೇನೂ ಬೇಕಿರಲಿಲ್ಲ.

ಮಲೆನಾಡಿನ ಕೃಷಿಕ

ವಕೀಲರು ಹೇಳಿದ್ದು ಬೆಂಕಿ ಹೇಗೆ ಹಬ್ಬಿತು ಎಂಬುದಕ್ಕೆ ಸರಿಯಾದ ವಿವರಣೆ. ಆದರೆ ಮೊದಲ ಕಿಡಿ ನ್ಯಾಯಾಲಯದಲ್ಲಿ ಹುಟ್ಟಲಿಲ್ಲ, ಹೊಲದಲ್ಲಿ ಮತ್ತು ಕೊಟ್ಟಿಗೆಯಲ್ಲಿ ಹುಟ್ಟಿತು.

1560ರ ಸುಮಾರಿನಿಂದ ಯೂರೋಪಿನ ಹವೆ ತೀರ ತಣ್ಣಗಾಯಿತು. ಹಿಮನದಿಗಳು ಕೆಳಗಿಳಿದವು, ಬೇಸಿಗೆಗಳು ಮಳೆಯಲ್ಲೇ ಕಳೆದವು, ಧಾನ್ಯದ ಬೆಲೆ ಏರಿತು. 1562ರ ಆಗಸ್ಟ್‌ನಲ್ಲಿ ಮಧ್ಯ ಯೂರೋಪಿನ ಮೇಲೆ ಭಾರಿ ಆಲಿಕಲ್ಲು ಮಳೆ ಸುರಿದು ಪೈರು, ದ್ರಾಕ್ಷಿ ಎಲ್ಲವೂ ನೆಲಸಮವಾದವು. ಅದರ ಬೆನ್ನಿಗೇ ನೈರುತ್ಯ ಜರ್ಮನಿಯ ವೀಸೆನ್‌ಸ್ಟೈಗ್ ಎಂಬ ಸಣ್ಣ ಪಟ್ಟಣದಲ್ಲಿ 63 ಹೆಂಗಸರನ್ನು ಕೊಲ್ಲಲಾಯಿತು. 1626ರ ಮೇ ತಿಂಗಳಲ್ಲಿ, ಚಳಿ ಕಳೆದು ದ್ರಾಕ್ಷಿ ಚಿಗುರಿದ ಮೇಲೆ, ಒಂದೆರಡು ರಾತ್ರಿಗಳ ಹಿಮ ಜರ್ಮನಿಯ ಫ್ರಾಂಕೋನಿಯ ಪ್ರದೇಶದ ತೋಟಗಳನ್ನೆಲ್ಲ ಸುಟ್ಟಿತು. ಬಾಂಬೆರ್ಗ್ ಮತ್ತು ವ್ಯುರ್ಟ್ಸ್‌ಬುರ್ಗ್ ಸೀಮೆಗಳ ಅತಿ ಭೀಕರ ವಿಚಾರಣೆಗಳು ಅದೇ ವರ್ಷ ಕಾವೇರಿದವು.

ನಾನು ಅಡಿಕೆ ಬೆಳೆಯುವವನು. ಕೊಳೆರೋಗಕ್ಕೆ ಇಡೀ ತೋಟದ ಫಸಲು ಉದುರಿದ ವರ್ಷ, ಔಷಧಿ ಹೊಡೆದದ್ದು ತಡವಾಯಿತೇ, ಮಳೆ ಹೆಚ್ಚಾಯಿತೇ ಎಂದು ಯೋಚಿಸುವ ಮೊದಲೇ ಯಾರ ಕಣ್ಣು ಬಿತ್ತೋ ಎಂಬ ಮಾತು ನನ್ನ ಮನೆಯ ಜಗಲಿಯಲ್ಲಿಯೇ ಬಂದಿತ್ತು. ಆ ಮಾತು ಎಷ್ಟು ಸಹಜವಾಗಿ ಬಾಯಿಗೆ ಬರುತ್ತದೆ ಎಂಬುದನ್ನು ಬಲ್ಲವನಾದ್ದರಿಂದ ಆ ಕಾಲದ ರೈತರನ್ನು ಮೂಢರೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಎಷ್ಟೋ ಕಡೆ ವಿಚಾರಣೆ ಆರಂಭಿಸಿರೆಂದು ಅರಸರನ್ನು ಒತ್ತಾಯಿಸಿದವರು ಹಳ್ಳಿಯವರೇ.

ಆದರೆ ನನ್ನ ವಾದದಲ್ಲಿ ಒಂದು ತೊಡಕಿದೆ ಎಂಬುದನ್ನು ನಾನೇ ಒಪ್ಪುತ್ತೇನೆ. ಆಲಿಕಲ್ಲು ಎಲ್ಲ ಸೀಮೆಗಳ ಮೇಲೂ ಬಿತ್ತು, ಚಿತೆಗಳು ಮಾತ್ರ ಕೆಲವೇ ಕಡೆ ಎದ್ದವು. ಆ ವ್ಯತ್ಯಾಸಕ್ಕೆ ವಕೀಲರ ಉತ್ತರವೇ ಬೇಕಾಗುತ್ತದೆ.

ಫ್ರಾಂಕೋನಿಯದಲ್ಲಿರುವ ಕನ್ನಡತಿ

ಉದ್ಯೋಗದ ನಿಮಿತ್ತ ಕೆಲವು ವರ್ಷಗಳಿಂದ ಬಾಂಬೆರ್ಗಿಗೆ ಹತ್ತಿರದ ಊರಿನಲ್ಲಿದ್ದೇನೆ. ನದಿಯ ನಡುವೆ ಕಟ್ಟಿದ ಹಳೆಯ ಪುರಭವನವನ್ನು ನೋಡಲು ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇನೆ, ಪ್ರತಿ ಸಲವೂ ಯೊಹಾನೆಸ್ ಯೂನಿಯುಸ್ ನೆನಪಾಗುತ್ತಾರೆ. ಆದ್ದರಿಂದ ಅವರ ಕಥೆಯನ್ನು ಹೇಳಬೇಕೆನಿಸಿತು.

ಬಾಂಬೆರ್ಗ್ ಆಗ ಯೊಹಾನ್ ಗೇಯೋರ್ಗ್ ಫುಕ್ಸ್ ಫೋನ್ ಡೋರ್ನ್‌ಹೈಮ್ ಎಂಬ ಬಿಷಪ್ಪನ ಆಳ್ವಿಕೆಯಲ್ಲಿತ್ತು. ಅಲ್ಲಿ ಧರ್ಮಗುರುವೂ ಅರಸನೂ ಒಬ್ಬನೇ. 1627ರಲ್ಲಿ ಆತ ಮಾಟದ ಆರೋಪಿಗಳಿಗೆಂದೇ ಒಂದು ಸೆರೆಮನೆ ಕಟ್ಟಿಸಿದ. ಮೊದಲು ಬಡ ಹೆಂಗಸರು ಒಳಗೆ ಹೋದರು, ಆಮೇಲೆ ಹೆಸರುಗಳ ಸರಪಳಿ ಮೇಲಕ್ಕೆ ಹತ್ತಿತು. ವಿಚಾರಣೆಗಳಲ್ಲಿ ಮೃದುವಾಗಿ ನಡೆದುಕೊಂಡರೆಂಬ ಗುಮಾನಿಗೆ ಸಿಕ್ಕ ಚಾನ್ಸಲರ್ (ಬಿಷಪ್ಪನ ಆಡಳಿತದ ಮುಖ್ಯಾಧಿಕಾರಿ) ಗೇಯೋರ್ಗ್ ಹಾನ್ ತಮ್ಮ ಹೆಂಡತಿ ಮಕ್ಕಳ ಸಮೇತ ಪ್ರಾಣ ಕಳೆದುಕೊಂಡರು. ಯೂನಿಯುಸ್ ನಗರದ ಮೇಯರ್ ಆಗಿದ್ದವರು. ಅವರ ಹೆಂಡತಿಯನ್ನು ಆಗಲೇ ಕೊಂದಾಗಿತ್ತು.

1628ರ ಜುಲೈ 24ರಂದು ಅವರು ಸೆರೆಮನೆಯಿಂದ ಮಗಳು ವೆರೋನಿಕಾಗೆ ಗುಟ್ಟಾಗಿ ಬರೆದ ಪತ್ರ ಇಂದಿಗೂ ಉಳಿದಿದೆ. ನಿರಪರಾಧಿಯಾಗಿ ಸೆರೆಮನೆಗೆ ಬಂದೆ, ನಿರಪರಾಧಿಯಾಗಿಯೇ ಹಿಂಸೆ ಅನುಭವಿಸಿದೆ, ನಿರಪರಾಧಿಯಾಗಿಯೇ ಸಾಯಬೇಕಾಗಿದೆ ಎಂದು ಅವರು ಆರಂಭಿಸುತ್ತಾರೆ. ಹೆಬ್ಬೆರಳಿಗೆ ತಿರುಪು ಹಾಕಿ ಬಿಗಿದದ್ದರಿಂದ ಉಗುರುಗಳಿಂದ ರಕ್ತ ಚಿಮ್ಮಿ ನಾಲ್ಕು ವಾರ ಕೈ ಆಡಲಿಲ್ಲ, ಅದು ನನ್ನ ಕೈಬರಹದಲ್ಲೇ ನಿನಗೆ ಕಾಣುತ್ತದೆ ಎಂದು ಬರೆಯುತ್ತಾರೆ. ಕೋಣೆಗೆ ಮರಳಿ ಕರೆತಂದ ವಧಕಾರನೇ, ದೇವರಾಣೆಗೂ ಏನಾದರೂ ಒಪ್ಪಿಕೊಳ್ಳಿ ಸ್ವಾಮಿ, ನಿಜವೋ ಸುಳ್ಳೋ ಕಟ್ಟಿ ಹೇಳಿಬಿಡಿ, ಇಲ್ಲವಾದರೆ ಒಂದಾದ ಮೇಲೊಂದು ಹಿಂಸೆ ಬರುತ್ತಲೇ ಇರುತ್ತದೆ ಎಂದು ಬೇಡಿಕೊಂಡನಂತೆ. ಅವರು ಒಂದು ಕಥೆ ಕಟ್ಟಿದರು. ಅಷ್ಟಕ್ಕೆ ಮುಗಿಯಲಿಲ್ಲ. ಕೂಟದಲ್ಲಿ ಕಂಡವರ ಹೆಸರು ಬೇಕೆಂದರು. ಯಾರ ಹೆಸರೂ ಬಾಯಿಗೆ ಬಾರದಿದ್ದಾಗ, ಮಾರುಕಟ್ಟೆಯಿಂದ ಹೊರಟು ಒಂದೊಂದೇ ಬೀದಿಯಾಗಿ ನೆನಪಿಸಿಕೋ, ಆ ಬೀದಿಯಲ್ಲಿ ಯಾರು, ಈ ಬೀದಿಯಲ್ಲಿ ಯಾರು ಎಂದು ಕೇಳಿದರಂತೆ. ಎರಡು ವಾರ ಕಳೆಯುವುದರೊಳಗೆ ಅವರನ್ನು ಕೊಲ್ಲಲಾಯಿತು.

ವಕೀಲರು ಹೇಳಿದ ಸರಪಳಿ ಇದೇ. ಬೀದಿಬೀದಿಯಾಗಿ ಕೇಳುವ ಪ್ರಶ್ನೆಗೆ ಒಂದು ಊರಿನಲ್ಲಿ ಯಾರು ತಾನೇ ಉಳಿದಾರು?

ಭೌತಶಾಸ್ತ್ರದ ಅಧ್ಯಾಪಕಿ

ಹತ್ತನೆಯ ತರಗತಿ ದಾಟಿದ ಪ್ರತಿಯೊಬ್ಬರಿಗೂ ಖಗೋಳ ವಿಜ್ಞಾನಿ ಕೆಪ್ಲರ್ ಗೊತ್ತು. ಅವರ ತಾಯಿಯ ಕಥೆ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು, ಪಾಠದ ನಡುವೆ ನಾನು ಅದನ್ನು ಹೇಳಿದಾಗಲೆಲ್ಲ ಮಕ್ಕಳು ಸುಮ್ಮನಾಗಿ ಕೇಳುತ್ತಾರೆ.

ಕಟರೀನಾ ಕೆಪ್ಲರ್ ಲಿಯೋನ್‌ಬೆರ್ಗ್ ಎಂಬ ಊರಿನ ವಿಧವೆ, ಗಿಡಮೂಲಿಕೆಯ ಕಷಾಯ ಮಾಡಿಕೊಡುವ ಅಭ್ಯಾಸವಿದ್ದವರು. 1615ರಲ್ಲಿ ನೆರೆಯ ಹೆಂಗಸೊಬ್ಬಳು, ಈಕೆ ಕೊಟ್ಟ ಕಹಿ ಪಾನೀಯ ಕುಡಿದ ಮೇಲೆ ನನ್ನ ಕಾಯಿಲೆ ಶುರುವಾಯಿತು ಎಂದಳು. ಒಬ್ಬರು ಬಾಯಿ ತೆರೆದ ಮೇಲೆ ಊರವರೆಲ್ಲರಿಗೂ ಹಳೆಯ ನೋವುಗಳು ನೆನಪಾದವು. 1620ರ ಆಗಸ್ಟ್‌ನಲ್ಲಿ, ಎಪ್ಪತ್ತು ದಾಟಿದ ಆ ಮುದುಕಿಯನ್ನು ರಾತ್ರೋರಾತ್ರಿ ಮಗಳ ಮನೆಯಿಂದ ಹಿಡಿದೊಯ್ದು, ಹದಿನಾಲ್ಕು ತಿಂಗಳು ಸರಪಳಿಯಲ್ಲಿಟ್ಟರು.

ಹಿಂದಿನ ವರ್ಷವಷ್ಟೇ ಗ್ರಹಗತಿಯ ಮೂರನೆಯ ನಿಯಮವನ್ನು ಪ್ರಕಟಿಸಿದ್ದ ಮಗ ತನ್ನ ಕೆಲಸವನ್ನೆಲ್ಲ ಬದಿಗಿಟ್ಟು ಲಿಂಟ್ಸ್‌ನಿಂದ ಬಂದು ವಾದದ ಹೊಣೆ ಹೊತ್ತುಕೊಂಡರು. ಮಾಟ ಎಂಬುದೇ ಇಲ್ಲ ಎಂದು ಅವರು ವಾದಿಸಲಿಲ್ಲ, ಅದು ನಮಗೆ ಮುಖ್ಯ. ಈ ಸಾಕ್ಷಿಯ ಕಾಯಿಲೆ ಆರೋಪಕ್ಕೂ ಮುಂಚಿನದು, ಆ ಸಾಕ್ಷಿಗೆ ನನ್ನ ತಾಯಿಯ ಮೇಲೆ ಹಗೆಯಿದೆ, ಮತ್ತೊಬ್ಬರ ಕೈನೋವಿಗೆ ಹೊತ್ತ ಭಾರವೇ ಕಾರಣ ಎಂದು ಒಂದೊಂದು ಮಾತನ್ನೂ ಬಿಡಿಸಿಟ್ಟರು. ಕಡತ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದ ಕಾನೂನು ಪಂಡಿತರ ಮುಂದೆ ಹೋಯಿತು. ಹಿಂಸೆಯ ಉಪಕರಣಗಳನ್ನು ತೋರಿಸಿ ಹೆದರಿಸಬಹುದು, ಬಳಸಕೂಡದು ಎಂದು ಅವರು ಹೇಳಿದರು. 1621ರ ಸೆಪ್ಟೆಂಬರ್‌ನಲ್ಲಿ ಕಟರೀನಾ ಆ ಕಬ್ಬಿಣಗಳ ಮುಂದೆ ನಿಂತು, ನನ್ನ ಒಂದೊಂದು ನರವನ್ನು ಎಳೆದು ತೆಗೆದರೂ ಒಪ್ಪಿಕೊಳ್ಳಲು ನನ್ನ ಬಳಿ ಏನೂ ಇಲ್ಲ ಎಂಬ ಅರ್ಥದ ಮಾತನ್ನು ಹೇಳಿದರು. ಬಿಡುಗಡೆಯಾಯಿತು. ಆರು ತಿಂಗಳಲ್ಲಿ ತೀರಿಕೊಂಡರು.

ಬಾಂಬೆರ್ಗಿನಲ್ಲಿ ಆಳುವವನ ಮೇಲೆ ಕೇಳುವವರಿರಲಿಲ್ಲ. ಇಲ್ಲಿ ಆ ಊರಿನ ಗಾಳಿಮಾತು ತಲುಪದಷ್ಟು ದೂರದಲ್ಲಿ ಕುಳಿತು ಕಡತ ಓದುವವರೊಬ್ಬರಿದ್ದರು. ಯೂನಿಯುಸ್ ಸತ್ತದ್ದಕ್ಕೂ ಕಟರೀನಾ ಉಳಿದದ್ದಕ್ಕೂ ನಡುವೆ ನನಗೆ ಕಾಣುವ ದೊಡ್ಡ ವ್ಯತ್ಯಾಸ ಅದು.

ಹೊಸ ಸದಸ್ಯ

ಓದಿ ಮನಸ್ಸು ಭಾರವಾಯಿತು. ಎರಡು ಪ್ರಶ್ನೆಗಳಿವೆ. ಹೆಂಗಸರೇ ಏಕೆ ಹೆಚ್ಚು? ಮತ್ತು ಕೊನೆಗೆ ಇದನ್ನು ನಿಲ್ಲಿಸಿದ್ದು ವಿಜ್ಞಾನವೇ ಅಲ್ಲವೇ?

ಫ್ರಾಂಕೋನಿಯದಲ್ಲಿರುವ ಕನ್ನಡತಿ

ಮೊದಲನೆಯದಕ್ಕೆ ನಾನು ಉತ್ತರಿಸಲು ಯತ್ನಿಸುತ್ತೇನೆ. ಹೆಂಗಸು ದುರ್ಬಲ ಮನಸ್ಸಿನವಳು, ಸೈತಾನನಿಗೆ ಬೇಗ ಒಲಿಯುತ್ತಾಳೆ ಎಂದು ಕ್ರೇಮರ್‌ನಂಥವರು ಬರೆದದ್ದು ನಿಜ, ಆ ದ್ವೇಷವನ್ನು ಮರೆಮಾಚುವಂತಿಲ್ಲ. ಆದರೆ ಹಳ್ಳಿಯವರು ಲ್ಯಾಟಿನ್ ಓದುತ್ತಿರಲಿಲ್ಲ. ಅವರ ಆರೋಪಗಳು ಏನೆಂದು ನೋಡಿದರೆ, ಹಾಲು ಒಡೆಯಿತು, ಬೆಣ್ಣೆ ಬರಲಿಲ್ಲ, ಹಸು ಸತ್ತಿತು, ಬಾಣಂತಿಗೆ ಜ್ವರ ಬಂತು, ಕೂಸು ಸೊರಗಿತು. ಇವೆಲ್ಲ ಹೆಂಗಸರ ಕೈಯಲ್ಲಿದ್ದ ಕೆಲಸಗಳಾದ್ದರಿಂದ ಕೆಟ್ಟಾಗ ಗುಮಾನಿಯೂ ಹೆಂಗಸರ ಮೇಲೆಯೇ ಹೋಯಿತು, ಆರೋಪಿಸಿದವರಲ್ಲಿಯೂ ಬಹಳ ಮಂದಿ ಹೆಂಗಸರೇ. ಅವರಲ್ಲಿ ಪರವಾಗಿ ನಿಲ್ಲಲು ಗಂಡನೋ ಮಗನೋ ಇಲ್ಲದ ಮುದುಕಿಯರಿಗೆ ರಕ್ಷಣೆ ಇರಲಿಲ್ಲ.

ಇಂಗ್ಲೆಂಡಿನ ಪ್ರಕರಣಗಳಲ್ಲಿ ಒಂದು ನಡೆ ಮತ್ತೆ ಮತ್ತೆ ಕಾಣುತ್ತದೆ: ಬಡ ಮುದುಕಿ ಬಾಗಿಲಿಗೆ ಬಂದು ಸ್ವಲ್ಪ ಹಾಲೋ ಹಿಟ್ಟೋ ಕೇಳುತ್ತಾಳೆ, ಮನೆಯವರು ಇಲ್ಲವೆನ್ನುತ್ತಾರೆ, ಆಕೆ ಗೊಣಗುತ್ತಾ ಹೋಗುತ್ತಾಳೆ, ಕೆಲವು ದಿನಗಳಲ್ಲಿ ಆ ಮನೆಯಲ್ಲಿ ಏನೋ ಕೆಡುಕಾಗುತ್ತದೆ. ಇಲ್ಲವೆಂದವರ ಮನಸ್ಸಿನ ಕುಟುಕೇ ಆಕೆಯ ಶಾಪವಾಗಿ ಕಾಣತೊಡಗುತ್ತದೆ.

ಇದು ಎಲ್ಲ ಕಡೆಯೂ ಒಂದೇ ಬಗೆಯಾಗಿರಲಿಲ್ಲ. ಐಸ್‌ಲ್ಯಾಂಡಿನಲ್ಲಿ ಸುಟ್ಟ ಇಪ್ಪತ್ತಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬಳೇ ಹೆಂಗಸು. ಫ್ರಾನ್ಸಿನ ನಾರ್ಮಂಡಿಯಲ್ಲಿ ಆರೋಪಿಗಳಲ್ಲಿ ಬಹುಪಾಲು ಗಂಡಸರು, ಅದರಲ್ಲೂ ಕುರುಬರು.

ನಿವೃತ್ತ ವಕೀಲ, ಧಾರವಾಡ

ಎರಡನೆಯ ಪ್ರಶ್ನೆಗೆ: ಇಲ್ಲ, ವಿಜ್ಞಾನ ನಿಲ್ಲಿಸಿತು ಎನ್ನಲು ಕಾಲಕ್ರಮ ಒಪ್ಪುವುದಿಲ್ಲ. ಡಚ್ ಗಣರಾಜ್ಯದಲ್ಲಿ ಕೊನೆಯ ಮರಣದಂಡನೆ 1608ರಲ್ಲಿ, ನ್ಯೂಟನ್ ಹುಟ್ಟುವ ಮೂವತ್ತನಾಲ್ಕು ವರ್ಷ ಮೊದಲು. ಸ್ಪೇನಿನದು ಇನ್ನೂ ಅಚ್ಚರಿಯ ಕಥೆ.

1610ರ ನವೆಂಬರ್‌ನಲ್ಲಿ ಬಾಸ್ಕ್ ಸೀಮೆಯ ಆರು ಜನರನ್ನು ಲೊಗ್ರೊನ್ಯೊ ನಗರದಲ್ಲಿ ಜೀವಂತ ಸುಟ್ಟರು. ತೀರ್ಪು ಕೊಟ್ಟ ಮೂವರು ಇನ್ಕ್ವಿಸಿಶನ್ (ಧರ್ಮದ್ರೋಹದ ಆರೋಪಗಳನ್ನು ವಿಚಾರಿಸುವ ಚರ್ಚಿನ ನ್ಯಾಯಮಂಡಳಿ) ಅಧಿಕಾರಿಗಳಲ್ಲಿ ಕಿರಿಯನಾದ ಅಲೊನ್ಸೊ ದೆ ಸಲಾಸಾರ್ ಫ್ರಿಯಾಸ್‌ಗೆ ಅನುಮಾನ ಹುಟ್ಟಿತು. ಮರುವರ್ಷ ಅವರು ಹಳ್ಳಿ ಹಳ್ಳಿ ಸುತ್ತಿ, ಕ್ಷಮಾದಾನದ ಭರವಸೆ ಕೊಟ್ಟು, 1,802 ಜನರ ಹೇಳಿಕೆ ಪಡೆದರು; ಅವರಲ್ಲಿ 1,384 ಮಂದಿ ಮಕ್ಕಳು. ಒಂದೇ ಕೂಟಕ್ಕೆ ಹೋದೆವೆಂದವರನ್ನು ಬೇರೆ ಬೇರೆಯಾಗಿ ಕರೆದು ಜಾಗ ಯಾವುದೆಂದು ಕೇಳಿದರು, ಹೇಳಿಕೆಗಳು ತಾಳೆಯಾಗಲಿಲ್ಲ. ಮಾಟದ ಲೇಪವೆಂದು ತಂದುಕೊಟ್ಟ ಗಡಿಗೆಗಳನ್ನು ಪರೀಕ್ಷೆ ಮಾಡಿಸಿದರು, ಪ್ರಾಣಿಗಳಿಗೆ ಕೊಟ್ಟು ನೋಡಿದರೂ ಏನೂ ಆಗಲಿಲ್ಲ. ಕೂಟ ನಡೆಯುತ್ತದೆಂದ ರಾತ್ರಿ ತಮ್ಮ ಸಹಾಯಕರನ್ನು ಆ ಜಾಗಕ್ಕೇ ಕಳಿಸಿದರು, ಅವರು ಯಾರನ್ನೂ ಕಾಣಲಿಲ್ಲ. ಮಾಟಗಾತಿಯರ ಬಗ್ಗೆ ಮಾತಾಡಲು, ಬರೆಯಲು ತೊಡಗುವವರೆಗೆ ಆ ಸೀಮೆಯಲ್ಲಿ ಮಾಟಗಾತಿಯರೂ ಇರಲಿಲ್ಲ, ಮಾಟಕ್ಕೆ ಒಳಗಾದವರೂ ಇರಲಿಲ್ಲ ಎಂದು ವರದಿ ಕೊಟ್ಟರು. 1614ರಲ್ಲಿ ಮ್ಯಾಡ್ರಿಡ್‌ನ ಮೇಲ್ಮಂಡಳಿ ಹೊರಡಿಸಿದ ಬಿಗಿ ಸೂಚನೆಗಳ ಬಳಿಕ ಸ್ಪೇನಿನ ಇನ್ಕ್ವಿಸಿಶನ್ ಮಾಟದ ಹೆಸರಿನಲ್ಲಿ ಜನರನ್ನು ಸುಡುವುದು ನಿಂತೇಹೋಯಿತು. ಕ್ರೌರ್ಯಕ್ಕೆ ಹೆಸರಾದ ಒಂದು ಸಂಸ್ಥೆ, ಕೇಂದ್ರದಿಂದ ನಡೆಯುತ್ತಿದ್ದ ಶಿಸ್ತು ಮತ್ತು ಕಡತಗಳ ಕಾರಣದಿಂದಲೇ ಇಲ್ಲಿ ಜೀವ ಉಳಿಸಿತು.

ಫ್ರಾನ್ಸಿನಲ್ಲಿ 1624ರಲ್ಲಿ ಪ್ಯಾರಿಸ್ಸಿನ ಉಚ್ಚ ನ್ಯಾಯಾಲಯವು ತನ್ನ ವ್ಯಾಪ್ತಿಯ ಮಾಟದ ಶಿಕ್ಷೆಗಳೆಲ್ಲವೂ ಮೇಲ್ಮನವಿಗೆ ಬರಲೇಬೇಕೆಂದು ವಿಧಿಸಿತು. ನಮ್ಮಲ್ಲಿ ಸೆಷನ್ಸ್ ನ್ಯಾಯಾಲಯ ಕೊಟ್ಟ ಮರಣದಂಡನೆಯನ್ನು ಉಚ್ಚ ನ್ಯಾಯಾಲಯ ದೃಢೀಕರಿಸದೆ ಜಾರಿ ಮಾಡುವಂತಿಲ್ಲ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂಬ ನಿಯಮಗಳಿವೆ. ಆ ನಿಯಮಗಳು ಏಕೆ ಬೇಕೆಂದು ಕಿರಿಯ ವಕೀಲರು ಕೇಳಿದಾಗ ನಾನು ಯೂನಿಯುಸ್ ಪತ್ರವನ್ನು ಓದಿ ಎನ್ನುತ್ತೇನೆ.

ಬ್ರಿಟನ್ನಿನೊಳಗೇ ಹೋಲಿಸಿ ನೋಡಿ. ಲಂಡನ್ನಿನಿಂದ ಸಂಚರಿಸುವ ನ್ಯಾಯಾಧೀಶರಿದ್ದ, ಚಿತ್ರಹಿಂಸೆಗೆ ಸಾಮಾನ್ಯ ಕಾನೂನಿನಲ್ಲಿ ಸ್ಥಾನವಿರದ ಇಂಗ್ಲೆಂಡಿನಲ್ಲಿ ಸುಮಾರು 500 ಮಂದಿ ಸತ್ತರು. ಅದರ ನಾಲ್ಕರಲ್ಲೋ ಐದರಲ್ಲೋ ಒಂದು ಪಾಲು ಜನಸಂಖ್ಯೆಯ ಸ್ಕಾಟ್ಲೆಂಡಿನಲ್ಲಿ, ಊರಿನ ಜಮೀನ್ದಾರರೇ ನ್ಯಾಯಾಧೀಶರಾಗಿ ಕೂರುತ್ತಿದ್ದ ಕಡೆ, ಅಂದಾಜು 2,500 ಮಂದಿ.

ಮಲೆನಾಡಿನ ಕೃಷಿಕ

ವಕೀಲರೇ, ಇದನ್ನು ಒಪ್ಪಿದರೂ ಒಂದು ಮಾತು ಉಳಿಯುತ್ತದೆ. ಅದೇ ನ್ಯಾಯಾಧೀಶರು ಒಂದು ತಲೆಮಾರಿನಲ್ಲಿ ಕಣ್ಣುಮುಚ್ಚಿ ಸಹಿ ಹಾಕಿದರು, ಮುಂದಿನ ತಲೆಮಾರಿನಲ್ಲಿ ಅನುಮಾನಪಟ್ಟರು. ಆ ಅನುಮಾನ ಅವರಿಗೆ ಎಲ್ಲಿಂದ ಬಂತು?

ಇತಿಹಾಸದ ಓದುಗ

ತಮ್ಮ ಪ್ರಶ್ನೆಯೇ ಈ ಚರ್ಚೆಯ ತಿರುಳು. ನನಗೆ ತೋರುವಂತೆ ಅನುಮಾನ ಬಂದದ್ದು ವಿಚಾರಣೆಗಳ ಒಳಗಿನಿಂದಲೇ. ಟ್ರಿಯರ್‌ನಲ್ಲಿ ಸ್ವತಃ ನ್ಯಾಯಾಧೀಶರಾಗಿದ್ದ, ವಿಶ್ವವಿದ್ಯಾನಿಲಯದ ಮುಖ್ಯಸ್ಥರೂ ಆಗಿದ್ದ ಡೀಟ್ರಿಖ್ ಫ್ಲಾಡೆ 1589ರಲ್ಲಿ ಮಾಟಗಾರನೆಂದು ಕೊಲ್ಲಲ್ಪಟ್ಟರು. ಹೆಸರುಗಳ ಸರಪಳಿ ಮೇಯರ್‌ಗಳವರೆಗೆ, ಚಾನ್ಸಲರ್‌ಗಳವರೆಗೆ ಬಂದಾಗ, ಈ ವಿಧಾನ ಯಾರನ್ನು ಬೇಕಾದರೂ ಅಪರಾಧಿಯಾಗಿಸುತ್ತದೆ ಎಂಬುದು ಆಳುವವರಿಗೆ ಅರ್ಥವಾಯಿತು. ಬಡವರು ಸತ್ತಾಗ ಅರ್ಥವಾಗಲಿಲ್ಲ ಎಂಬುದು ನೋವಿನ ಸಂಗತಿ.

ಅದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದವರು ಫ್ರೀಡ್ರಿಖ್ ಸ್ಪೇ ಎಂಬ ಜೆಸ್ಯುಯಿಟ್ ಪಾದ್ರಿ. 1631ರಲ್ಲಿ ಹೆಸರು ಹಾಕದೆ ಪ್ರಕಟಿಸಿದ 'ಕೌಟಿಯೊ ಕ್ರಿಮಿನಾಲಿಸ್' ಗ್ರಂಥದಲ್ಲಿ ಅವರು ಮಾಟವನ್ನು ಅಲ್ಲಗಳೆಯುವುದಿಲ್ಲ, ವಿಧಾನವನ್ನು ಸೀಳಿಡುತ್ತಾರೆ. ಹೆದರಿದರೆ ಅಪರಾಧಿ, ಹೆದರದಿದ್ದರೆ ಸೈತಾನನ ಬೆಂಬಲವಿದೆ. ಒಪ್ಪಿಕೊಂಡರೆ ಸಾವು, ಒಪ್ಪದೆ ತಾಳಿಕೊಂಡರೆ ಅದೂ ಮಾಟವೇ. ಇಂಥ ವಿಚಾರಣೆಯಿಂದ ನಿರಪರಾಧಿ ಹೊರಬರುವ ಬಾಗಿಲು ಯಾವುದೆಂದು ಅವರು ಕೇಳುತ್ತಾರೆ. ನಾವೆಲ್ಲರೂ ಮಾಟಗಾರರೆಂದು ಇನ್ನೂ ಒಪ್ಪಿಕೊಂಡಿಲ್ಲವಾದರೆ ಅದಕ್ಕೆ ಕಾರಣ ನಮಗೆಲ್ಲ ಇನ್ನೂ ಹಿಂಸೆ ಕೊಟ್ಟಿಲ್ಲದಿರುವುದು ಮಾತ್ರ ಎಂಬ ಅರ್ಥದ ಮಾತು ಅವರದು. ಅದೇ ಸುಮಾರಿಗೆ ಚಕ್ರವರ್ತಿ ಎರಡನೆಯ ಫರ್ಡಿನಾಂಡ್ ಬಾಂಬೆರ್ಗಿನ ಆರೋಪಿಗಳ ಆಸ್ತಿ ಮುಟ್ಟುಗೋಲನ್ನು ತಡೆದರು, ಸ್ವೀಡನ್ನಿನ ಸೇನೆ ಹತ್ತಿರ ಬಂದಿತು, ಬಿಷಪ್ ಓಡಿಹೋದ, ಸೆರೆಮನೆ ಬರಿದಾಯಿತು.

ಮುಂದಿನ ಪ್ರಕರಣಗಳೂ ಇದೇ ಜಾಡಿನವು. ಸ್ವೀಡನ್ನಿನಲ್ಲಿ ಮಕ್ಕಳ ಹೇಳಿಕೆಯ ಮೇಲೆ ಹತ್ತಾರು ತಲೆಗಳು ಉರುಳಿದ ಮೇಲೆ, 1676ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆ ಮಕ್ಕಳೇ ತಾವು ಸುಳ್ಳು ಹೇಳಿದೆವೆಂದಾಗ ಎಲ್ಲವೂ ನಿಂತಿತು. ಅಮೆರಿಕದ ಸೇಲಂನಲ್ಲಿ 1692ರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿ, ಒಬ್ಬರನ್ನು ಕಲ್ಲು ಹೇರಿ ಕೊಂದ ಬಳಿಕ, ಪೀಡಿತರಿಗೆ ಮಾತ್ರ ಕಾಣುವ ಛಾಯೆಯನ್ನು ಸಾಕ್ಷ್ಯವೆಂದು ಒಪ್ಪಕೂಡದೆಂದು ತೀರ್ಮಾನವಾದ ಕೂಡಲೇ ಉಳಿದ ಪ್ರಕರಣಗಳು ಕುಸಿದವು. ಐದು ವರ್ಷಗಳ ನಂತರ ಆ ನ್ಯಾಯಾಧೀಶರಲ್ಲೊಬ್ಬರಾದ ಸ್ಯಾಮುಯೆಲ್ ಸೀವಾಲ್ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು, ತಮ್ಮ ತಪ್ಪಿನ ಪತ್ರವನ್ನು ಓದಿಸಿದರು.

ಮಾಟದ ಕಾನೂನಿಗೆ ಮಿತಿ ಹಾಕುವ ಅಥವಾ ಅದನ್ನು ರದ್ದು ಮಾಡುವ ಶಾಸನಗಳು ಬಂದದ್ದು ಇವೆಲ್ಲದರ ಹಿಂದೆ. 1682ರಲ್ಲಿ ಫ್ರಾನ್ಸ್, 1714ರಲ್ಲಿ ಪ್ರಷ್ಯ, 1736ರಲ್ಲಿ ಬ್ರಿಟನ್. ತತ್ತ್ವಜ್ಞಾನಿಗಳಿಗೂ ಪಾಲು ಇಲ್ಲದಿಲ್ಲ. 1691ರಲ್ಲಿ ಡಚ್ ಪಾದ್ರಿ ಬಾಲ್ತಸಾರ್ ಬೆಕ್ಕರ್, 1701ರಲ್ಲಿ ಹಾಲೆ ನಗರದ ಕ್ರಿಸ್ಟಿಯಾನ್ ಥೊಮಾಸಿಯುಸ್ ಸೈತಾನನ ಒಪ್ಪಂದದ ಕಲ್ಪನೆಯನ್ನೇ ಪ್ರಶ್ನಿಸಿದರು. ಆದರೆ ಅವರು ಬರೆಯುವ ಹೊತ್ತಿಗೆ ಯೂರೋಪಿನ ಪಶ್ಚಿಮದಲ್ಲಿ ಬೆಂಕಿ ಆಗಲೇ ಬಹುಪಾಲು ತಣಿದಿತ್ತು.

ಭೌತಶಾಸ್ತ್ರದ ಅಧ್ಯಾಪಕಿ

ಹಾಗಾದರೆ ಜನರ ನಂಬಿಕೆಯ ಗತಿ ಏನಾಯಿತು? ನಮ್ಮ ರಾಜ್ಯದಲ್ಲಿ 2017ರಲ್ಲಿ ವಾಮಾಚಾರ ಮತ್ತು ಅಮಾನವೀಯ ಆಚರಣೆಗಳ ವಿರುದ್ಧ ಕಾಯ್ದೆ ಬಂದಾಗ, ಜಾರ್ಖಂಡಿನಂಥ ಕಡೆ ಹೆಂಗಸರನ್ನು ಡಾಯನ್ (ಮಾಟಗಾತಿ) ಎಂದು ಕರೆದು ಕೊಲ್ಲುವ ಸುದ್ದಿ ಓದಿದಾಗ, ಈ ಯೂರೋಪಿನ ಹೋಲಿಕೆಯನ್ನು ಬಹಳ ಜನ ತರುತ್ತಾರೆ.

ಇತಿಹಾಸದ ಓದುಗ

ಆ ಹೋಲಿಕೆಯಲ್ಲಿ ಎಚ್ಚರ ಬೇಕು. ಬಾಂಬೆರ್ಗಿನಲ್ಲಿ ಕೊಂದದ್ದು ನ್ಯಾಯಾಲಯ; ತಾವು ಹೇಳುವ ಕಡೆ ಕೊಲ್ಲುವುದು ಕಾನೂನನ್ನು ಮೀರಿದ ಗುಂಪು. ಅದಕ್ಕೆ ಹತ್ತಿರದ ಯೂರೋಪಿನ ಪ್ರಕರಣವೆಂದರೆ ವಿಚಾರಣೆಗಳೆಲ್ಲ ಮುಗಿದ ಮೇಲೆ ನಡೆದದ್ದು, ಅದು ತಮ್ಮ ಪ್ರಶ್ನೆಗೂ ಉತ್ತರವಾಗುತ್ತದೆ.

ಇಂಗ್ಲೆಂಡಿನ ಟ್ರಿಂಗ್ ಪಟ್ಟಣದ ಬಳಿ ರೂತ್ ಆಸ್‌ಬೋರ್ನ್ ಎಂಬ ಬಡ ಮುದುಕಿಯಿದ್ದಳು. ಹಾಲಿನ ವ್ಯಾಪಾರದ ರೈತನೊಬ್ಬನ ಬಳಿ ಆಕೆ ಮಜ್ಜಿಗೆ ಕೇಳಿದಳು, ಆತ ಇಲ್ಲವೆಂದ, ಆಕೆ ಗೊಣಗಿಕೊಂಡು ಹೋದಳು. ಆಮೇಲೆ ಆತನ ಕರುಗಳಿಗೆ ಕಾಯಿಲೆ ಬಂತು, ಆತನಿಗೂ ಮೂರ್ಛೆ ಬರತೊಡಗಿತು. ಕನ್ನಡತಿ ಬರೆದ ನಡೆ ಅಕ್ಷರಶಃ ಇದೇ. ನೂರು ವರ್ಷ ಹಿಂದೆ ಆಗಿದ್ದರೆ ದೂರು ನ್ಯಾಯಾಲಯಕ್ಕೆ ಹೋಗುತ್ತಿತ್ತು. ಆದರೆ ಮಾಟದ ಕಾನೂನು ರದ್ದಾಗಿ ಹದಿನೈದು ವರ್ಷವಾಗಿತ್ತು. 1751ರ ಏಪ್ರಿಲ್‌ನಲ್ಲಿ ಸುತ್ತಲ ಸಂತೆಗಳಲ್ಲಿ ಡಂಗುರ ಸಾರಿಸಿ, ಸಾವಿರಾರು ಜನ ಸೇರಿ, ಚರ್ಚಿನಲ್ಲಿ ಬಚ್ಚಿಟ್ಟಿದ್ದ ಆಕೆಯನ್ನೂ ಗಂಡನನ್ನೂ ಎಳೆತಂದು ಕೆರೆಗೆ ತಳ್ಳಿದರು. ಥಾಮಸ್ ಕಾಲಿ ಎಂಬವನು ಕೋಲಿನಿಂದ ಆಕೆಯನ್ನು ನೀರಿನಲ್ಲಿ ಹೊರಳಿಸಿ, ನೋಡುತ್ತಿದ್ದವರಿಂದ ಆಟ ತೋರಿಸಿದ್ದಕ್ಕೆಂದು ಹಣ ಎತ್ತಿದ. ರೂತ್ ಸತ್ತಳು.

ಈ ಸಲ ಕಟಕಟೆಯಲ್ಲಿ ನಿಂತವನು ಕಾಲಿ. ಕೊಲೆಯ ಅಪರಾಧಕ್ಕೆ ಅವನಿಗೆ ಗಲ್ಲಾಯಿತು. ಜನ ತಡೆದಾರೆಂಬ ಭಯದಿಂದ ಕುದುರೆ ಸೈನಿಕರ ಕಾವಲಿನಲ್ಲಿ ಅವನನ್ನು ಕರೆತಂದರು. ಸುತ್ತಲ ಹಳ್ಳಿಗಳವರು ಹತ್ತಿರ ಬರಲಿಲ್ಲ. ದೂರದಲ್ಲಿ ಗುಂಪುಗೂಡಿ ನಿಂತು, ಅಷ್ಟೊಂದು ಕೆಡುಕು ಮಾಡಿದ ಮುದುಕಿಯನ್ನು ಕೊಂದದ್ದಕ್ಕೆ ಒಬ್ಬ ಗಂಡಸನ್ನು ನೇಣು ಹಾಕುವುದು ಅನ್ಯಾಯವೆಂದು ಗೊಣಗುತ್ತಿದ್ದರು ಎಂದು ಆ ಕಾಲದ ವರದಿ ಹೇಳುತ್ತದೆ.